ಫ್ರಿಜ್ ರಬ್ಬರಿನೊಳಗಿನ ಅಯಸ್ಕಾಂತ

ಕಳೆದ ವಾರ ಮನೆಯ ಫ್ರಿಜ್ಜಿಗೆ ಹೊಸ ರಬ್ಬರು ಹಾಕಿದೆ. ಕುತೂಹಲಕ್ಕೆ ಹಳೆಯದನ್ನು ಕತ್ತರಿಸಿ ನೋಡಿದರೆ ಒಳಗೆ ಕಪ್ಪು ಪಟ್ಟಿ, ಅದೇ ಅಯಸ್ಕಾಂತ. ಇದರ ಹಿಂದೊಂದು ಸಂಕಟದ ಕಥೆಯಿದೆ ಕಣ್ರೀ.

ಅಮೆರಿಕದ ಹಳೇ ಫ್ರಿಜ್ಜುಗಳಿಗೆ ಹೊರಗಿನಿಂದ ಮಾತ್ರ ತೆಗೆಯಲಾಗುವ ಚಿಲಕವಿತ್ತು. ಕಣ್ಣಾಮುಚ್ಚಾಲೆ ಆಡುತ್ತಾ, ಯಾರೋ ಬಿಸಾಕಿದ ಫ್ರಿಜ್ಜಿನೊಳಗೆ ಅಡಗಿದ ಮಕ್ಕಳು ಉಸಿರುಗಟ್ಟಿ ಸತ್ತರು. ತಂಪು ಹೊರಹೋಗದಂತೆ ತಡೆಯುವ ರಬ್ಬರು ಗಾಳಿಯನ್ನೂ ಒಳಗೆ ಬಿಡುತ್ತಿರಲಿಲ್ಲ!

1956ರಲ್ಲಿ ಅಲ್ಲಿ ಕಾನೂನು ಬಂತು. 1958ರ ಅಕ್ಟೋಬರ್ 30ರ ನಂತರ ತಯಾರಾಗುವ ಮನೆಬಳಕೆಯ ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ಸುಲಭವಾಗಿ ತೆರೆಯಬೇಕು. ಚಿಲಕದ ಕೆಲಸ ಅಯಸ್ಕಾಂತಕ್ಕೆ ಬಿತ್ತು. ಮಗು ತಳ್ಳಿದರೂ ಬಿಟ್ಟುಕೊಳ್ಳುತ್ತದೆ.

ಆದರೆ ಅದಾಗಲೇ ಮಾರಾಟವಾಗಿದ್ದವು? ಅವು ಹಿತ್ತಲು, ತಿಪ್ಪೆ ಸೇರಿದಂತೆಲ್ಲ ಸಾವುಗಳು ಮುಂದುವರಿದವು. ಹಾಗಾಗಿಯೇ ಅಲ್ಲಿನ ಹಲವು ರಾಜ್ಯಗಳಲ್ಲಿ ಫ್ರಿಜ್ ಎಸೆಯುವ ಮುನ್ನ ಬಾಗಿಲು ಕಿತ್ತಿರಬೇಕು ಎಂಬ ನಿಯಮವಿದೆ.