ಮನೆಯಲ್ಲಿ ನಾಯಿಮರಿ ಸಾಕಣೆ ಮತ್ತು ತರಬೇತಿ: ಮಲೆನಾಡಿನ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಮಾರ್ಗದಲ್ಲಿರುವ ಮೇಗರವಳ್ಳಿ ಹಾಗೂ ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಇತರ ಗ್ರಾಮಗಳಲ್ಲಿ ಮನೆ, ತೋಟ ಮತ್ತು ಕೊಟ್ಟಿಗೆಯ ಕಾವಲಿಗಾಗಿ ನಾಯಿ ಸಾಕುವುದು ಹಿಂದಿನಿಂದಲೂ ನಡೆದುಬಂದಿರುವ ರೂಢಿಯಾಗಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಇದೇ ಮೇಗರವಳ್ಳಿಯ ಆಸುಪಾಸಿನಲ್ಲಿ ಗುತ್ತಿಯೊಡನೆ ಅಲೆಯುವ 'ಹುಲಿಯ' ಎಂಬ ನಾಯಿಯನ್ನು ಓದುಗರು ಬಲ್ಲರು.

ಮಳೆಗಾಲ ಕಳೆದು ಚಳಿ ಆರಂಭವಾಗುವ ದಿನಗಳಲ್ಲಿ ಊರುನಾಯಿಗಳು ಮರಿ ಹಾಕುವುದು ಹೆಚ್ಚು. ಅದೇ ಕಾಲದಲ್ಲಿ ಅಡಿಕೆ ಕೊಯ್ಲು ನಡೆಯುವುದರಿಂದ ಮನೆಮಂದಿಗೆ ಬಿಡುವಿರುವುದಿಲ್ಲ. ಹೀಗಾಗಿ ಹೊಸದಾಗಿ ತಂದ ಮರಿಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಲಸಿಕೆ ಮತ್ತು ತರಬೇತಿಯನ್ನು ಕೊಯ್ಲು ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಮುಂದೂಡುವ ಸಂಭವವಿರುತ್ತದೆ. ಬಿಡುವು ದೊರೆಯುವ ವೇಳೆಗೆ ಮರಿಗೆ ನಾಲ್ಕೈದು ತಿಂಗಳು ತುಂಬಿ, ಲಸಿಕೆಯ ದಿನಗಳೂ ಕಲಿಕೆಯ ದಿನಗಳೂ ಮೀರಿಹೋಗಿರುತ್ತವೆ. ಹುಟ್ಟಿದಂದಿನಿಂದ 16 ವಾರಗಳವರೆಗಿನ ಅವಧಿಯಲ್ಲಿ ಕೈಗೊಳ್ಳುವ ಕ್ರಮಗಳೇ ಮರಿಯು ಮುಂದೆ ಮನೆಗೆ ಆಸರೆಯಾಗುವುದೋ ಅಪಾಯವಾಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಆದುದರಿಂದ ನಾಯಿಮರಿ ಸಾಕಲು ಇಚ್ಛಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಮರಿಯ ಆಯ್ಕೆ

ಮರಿಯನ್ನು 8 ವಾರಗಳು ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸಬಾರದು. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ 8 ವಾರಗಳಿಗಿಂತ ಚಿಕ್ಕ ಮರಿಯನ್ನು ಮಾರಾಟ ಮಾಡುವಂತಿಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ ಮರಿಯು ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಬೇಗನೆ ತಂದ ಮರಿಗೆ ಈ ಪಾಠ ತಪ್ಪುತ್ತದೆ.

ಕಣ್ಣು ಮತ್ತು ಮೂಗು ಸ್ವಚ್ಛವಾಗಿರುವ, ಹೊಟ್ಟೆ ಅತಿಯಾಗಿ ಉಬ್ಬಿರದ, ಕರೆದಾಗ ಹತ್ತಿರ ಬರುವ ಮರಿಯನ್ನು ಆರಿಸಿಕೊಳ್ಳುವುದು ಸೂಕ್ತ. ಮಲೆನಾಡಿನ ಮಳೆ ಮತ್ತು ತೇವಕ್ಕೆ ಊರಿನ ನಾಟಿ ಮರಿಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ. ದಟ್ಟ ತುಪ್ಪಳದ ವಿದೇಶಿ ತಳಿಗಳಿಗೆ ಮಳೆಗಾಲದಲ್ಲಿ ಚರ್ಮರೋಗ ಬರುವ ಸಂಭವ ಹೆಚ್ಚು. ಮುಧೋಳ ನಾಯಿ ನಮ್ಮ ರಾಜ್ಯದ ಹೆಮ್ಮೆಯ ತಳಿಯಾಗಿದ್ದರೂ ಓಡುವ ಪ್ರಾಣಿಯನ್ನು ಕಂಡೊಡನೆ ಬೆನ್ನಟ್ಟುವ ಬೇಟೆ ಸ್ವಭಾವ ಹೊಂದಿರುವುದರಿಂದ, ಕಾಡಂಚಿನ ಮನೆಗಳವರು ಈ ಅಂಶವನ್ನು ಯೋಚಿಸಿ ನಿರ್ಧರಿಸಬೇಕು.

2. ಮೊದಲ ವಾರ ಮತ್ತು ಆಹಾರ

ಮರಿಗೆ ಮನೆಯೊಳಗೆ ಅಥವಾ ಜಗಲಿಯಲ್ಲಿ ಗಾಳಿ ಮತ್ತು ಇರಚಲು ತಾಗದ ಜಾಗದಲ್ಲಿ ಒಣ ಗೋಣಿಚೀಲ ಹಾಸಿ ಮಲಗಿಸಬೇಕು. ಮೊದಲ ಎರಡು ಮೂರು ರಾತ್ರಿ ಅದು ಅಳುವುದು ಸಹಜ. ಆ ಕಾರಣಕ್ಕೆ ಅದನ್ನು ದೂರದ ಕೊಟ್ಟಿಗೆಯಲ್ಲಿ ಕಟ್ಟಿದರೆ ಭಯ ಹೆಚ್ಚುತ್ತದೆ. ಮನೆಯವರು ಮಲಗುವ ಕೋಣೆಯ ಸಮೀಪವೇ ಜಾಗ ಮಾಡಿಕೊಟ್ಟರೆ ಬೇಗ ಹೊಂದಿಕೊಳ್ಳುತ್ತದೆ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಆನಂತರ ಎರಡು ಬಾರಿ ಆಹಾರ ನೀಡಬೇಕು. ಬರಿಯ ಅನ್ನ ಮತ್ತು ಮಜ್ಜಿಗೆಯಿಂದ ಬೆಳೆಯುವ ಮರಿಗೆ ಸಾಕಷ್ಟು ಪೌಷ್ಟಿಕಾಂಶ ದೊರೆಯುವುದಿಲ್ಲ. ಅನ್ನ ಅಥವಾ ರಾಗಿಯೊಡನೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮೀನು ಅಥವಾ ಮಾಂಸ ನೀಡಬೇಕು. ಮಾಂಸಾಹಾರ ಬಳಸದ ಮನೆಗಳವರು ಬೇಳೆ ಮತ್ತು ಮೊಸರಿನ ಜೊತೆಗೆ ಇನ್ನೇನು ನೀಡಬೇಕೆಂದು ಪಶುವೈದ್ಯರನ್ನು ವಿಚಾರಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಬೇಯಿಸಿದ ಕೋಳಿ ಮೂಳೆಗಳನ್ನು ಕೊಡಬಾರದು. ಮನುಷ್ಯರ ಜ್ವರದ ಮಾತ್ರೆಗಳನ್ನು ಯಾವ ಕಾರಣಕ್ಕೂ ನೀಡಬಾರದು. ಹಸಿ ಕರುಳು ಮತ್ತು ಒಳಾಂಗಗಳನ್ನು ತಿನ್ನಿಸಿದರೆ ಲಾಡಿಹುಳುವಿನ ಬಾಧೆ ಉಂಟಾಗಿ ಅದು ಮನುಷ್ಯರಿಗೂ ಹರಡಬಹುದು.

3. ಲಸಿಕೆ ಮತ್ತು ಜಂತುನಾಶಕ ವೇಳಾಪಟ್ಟಿ

ಜಂತುನಾಶಕ: ಹುಟ್ಟಿದ 2 ವಾರಗಳಿಂದ ಆರಂಭಿಸಿ 8 ವಾರಗಳವರೆಗೆ ಎರಡು ವಾರಗಳಿಗೊಮ್ಮೆ, ಬಳಿಕ 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆನಂತರ 3 ತಿಂಗಳಿಗೊಮ್ಮೆ.

ಸಂಯುಕ್ತ ಲಸಿಕೆ (ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಇತ್ಯಾದಿ): 6ರಿಂದ 8ನೇ ವಾರದಲ್ಲಿ ಮೊದಲ ಬಾರಿ, ಬಳಿಕ 3–4 ವಾರಗಳ ಅಂತರದಲ್ಲಿ 16 ವಾರಗಳವರೆಗೆ.

ರೇಬಿಸ್ (ಹುಚ್ಚುನಾಯಿ ರೋಗ) ಲಸಿಕೆ: 3 ತಿಂಗಳು ತುಂಬಿದಾಗ ಮೊದಲ ಬಾರಿ, ಪಶುವೈದ್ಯರ ಸಲಹೆಯಂತೆ 3–4 ವಾರಗಳ ಬಳಿಕ ಮತ್ತೊಮ್ಮೆ, ಆನಂತರ ಪ್ರತಿ ವರ್ಷ.

ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯು ಮರಿಯಲ್ಲಿ ಇರುವವರೆಗೆ ಲಸಿಕೆಯು ಪೂರ್ಣವಾಗಿ ಕೆಲಸ ಮಾಡುವುದಿಲ್ಲ. ಆ ಶಕ್ತಿಯು ಯಾವ ವಾರ ಕುಂದುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆಯಾಗಿರುವುದರಿಂದಲೇ ಸಂಯುಕ್ತ ಲಸಿಕೆಯನ್ನು ಮರುಕಳಿಸಿ ನೀಡಲಾಗುತ್ತದೆ. ಒಂದು ಬಾರಿ ಹಾಕಿಸಿ ಬಿಟ್ಟರೆ ರಕ್ಷಣೆ ದೊರೆಯದು. ವಾಂತಿ ಮತ್ತು ರಕ್ತಮಿಶ್ರಿತ ಭೇದಿ ಕಂಡುಬಂದರೆ ಪಾರ್ವೊ ರೋಗ ಇರಬಹುದಾಗಿದ್ದು, ಅದೇ ದಿನ ಚಿಕಿತ್ಸೆಗೆ ಕರೆತರಬೇಕು. ಮಳೆಗಾಲದಲ್ಲಿ ಗದ್ದೆ ಮತ್ತು ಕಾಲುವೆ ನೀರಿನಿಂದ ಇಲಿಜ್ವರ ತಗಲುವ ಸಾಧ್ಯತೆ ಇರುವುದರಿಂದ, ಸಂಯುಕ್ತ ಲಸಿಕೆಯಲ್ಲಿ ಆ ರೋಗದ ಲಸಿಕೆಯೂ ಸೇರಿದೆಯೇ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳುವುದು.

4. ತರಬೇತಿ

ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿಯು ಕಂಡ ಜನ, ಪ್ರಾಣಿ ಮತ್ತು ಶಬ್ದಗಳನ್ನು ತನ್ನ ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಈ ಅವಧಿಯಲ್ಲಿ ಕಾಣದ್ದಕ್ಕೆ ಮುಂದೆ ಹೆದರುತ್ತದೆ. ಹೆದರಿದ ನಾಯಿಯೇ ಕಚ್ಚುವುದು ಹೆಚ್ಚು.

ಅ) ಜನರ ಪರಿಚಯ: ಮಕ್ಕಳು, ವೃದ್ಧರು, ಅಂಚೆಯವರು, ಕೊಯ್ಲಿನ ಕೆಲಸದವರು, ಕೊಡೆ ಹಿಡಿದವರು, ಕಂಬಳಿ ಕೊಪ್ಪೆ ಹೊದ್ದವರು ಎಲ್ಲರನ್ನೂ ಮರಿಗೆ ಶಾಂತವಾಗಿ ಪರಿಚಯಿಸಬೇಕು. ಕೊಯ್ಲಿನ ದಿನಗಳಲ್ಲಿ ಮನೆಗೆ ಬರುವ ಜನರೇ ಇದಕ್ಕೆ ಅನುಕೂಲ ಒದಗಿಸುತ್ತಾರೆ. ಲಸಿಕೆ ಪೂರ್ಣವಾಗುವವರೆಗೆ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗುವುದು ಉತ್ತಮ.

ಆ) ಹೆಸರು ಮತ್ತು ಕರೆ: ಹೆಸರು ಚಿಕ್ಕದಾಗಿರಲಿ. 'ಬಾ', 'ಕೂರು', 'ಬಿಡು', 'ನಿಲ್ಲು' ಎಂಬ ಮಾತುಗಳನ್ನು ಮನೆಯ ಎಲ್ಲರೂ ಒಂದೇ ರೀತಿಯಲ್ಲಿ ಬಳಸಬೇಕು. ಹೇಳಿದಂತೆ ನಡೆದ ಕ್ಷಣದಲ್ಲಿಯೇ ತಿನಿಸಿನ ಚೂರು ನೀಡಿ ಮೈದಡವಬೇಕು. ಒಮ್ಮೆಗೆ ಐದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ ಕಲಿಸಿದರೆ ಸಾಕು. 'ಬಾ' ಎಂದು ಕರೆದು ಗದರಿಸಬಾರದು. ಹಾಗೆ ಮಾಡಿದರೆ ಅಪಾಯದ ಹೊತ್ತಿನಲ್ಲಿ ಕರೆದಾಗ ಅದು ಬರುವುದಿಲ್ಲ.

ಇ) ಮಲಮೂತ್ರ ವಿಸರ್ಜನೆ: ನಿದ್ದೆಯಿಂದ ಎದ್ದೊಡನೆ, ಉಂಡ ಬಳಿಕ ಮತ್ತು ಆಟದ ನಂತರ ಹಿತ್ತಲಿನ ನಿಗದಿತ ಜಾಗಕ್ಕೆ ಕರೆದೊಯ್ಯಬೇಕು. ಎರಡು ತಿಂಗಳ ಮರಿಯು ಹಗಲಿನಲ್ಲಿ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಒಳಗೆ ಗಲೀಜು ಮಾಡಿದರೆ ಹೊಡೆಯುವುದಾಗಲಿ ಮೂಗು ಉಜ್ಜುವುದಾಗಲಿ ಮಾಡದೆ ಸ್ವಚ್ಛಗೊಳಿಸಬೇಕು. ಶಿಕ್ಷೆಗೆ ಒಳಗಾದ ಮರಿಯು ಮರೆಯಲ್ಲಿ ಮಾಡುವುದನ್ನಷ್ಟೇ ಕಲಿಯುತ್ತದೆ.

ಈ) ಕಚ್ಚುವ ಆಟ: ಮರಿಯು ಕೈ ಕಚ್ಚಿದಾಗ ಕೂಡಲೇ ಆಟ ನಿಲ್ಲಿಸಿ ಎದ್ದು ಹೋಗಬೇಕು. ಕಚ್ಚಲು ಬಟ್ಟೆಯ ಗಂಟನ್ನು ಕೊಡಬಹುದು. ಮಕ್ಕಳು ಮರಿಯನ್ನು ರೇಗಿಸದಂತೆ, ಉಣ್ಣುವಾಗ ಮತ್ತು ಮಲಗಿದಾಗ ಮುಟ್ಟದಂತೆ ಹಿರಿಯರು ನೋಡಿಕೊಳ್ಳಬೇಕು.

ಉ) ದನಕರು, ಕೋಳಿ ಮತ್ತು ವನ್ಯಪ್ರಾಣಿ: ಆರಂಭದಲ್ಲಿ ಹಗ್ಗ ಹಿಡಿದುಕೊಂಡೇ ಕೊಟ್ಟಿಗೆಗೆ ಕರೆದೊಯ್ದು, ಸುಮ್ಮನಿದ್ದಾಗ ಮೆಚ್ಚುಗೆ ಸೂಚಿಸಬೇಕು. ಕೋಳಿ ಅಥವಾ ಮಂಗನ ಮೇಲೆ ಛೂಬಿಟ್ಟು ಮೋಜು ನೋಡಿದರೆ ಅದೇ ಅಭ್ಯಾಸವಾಗುತ್ತದೆ. ನಾಯಿಗಳನ್ನು ಬಳಸಿ ವನ್ಯಪ್ರಾಣಿಗಳ ಬೇಟೆಯಾಡುವುದು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಡಿ ಅಪರಾಧವಾಗಿರುತ್ತದೆ.

5. ಸರಪಳಿಯ ಬಳಕೆ

ಹಗಲಿರುಳು ಕಟ್ಟಿಹಾಕಿದರೆ ನಾಯಿ 'ಚುರುಕಾಗುತ್ತದೆ' ಎಂಬ ನಂಬಿಕೆ ಸರಿಯಲ್ಲ. ಸದಾ ಕಟ್ಟಿದ ಮರಿಗೆ ಮನೆಯವರನ್ನು ಬಿಟ್ಟು ಬೇರೆ ಯಾರ ಪರಿಚಯವೂ ಇರುವುದಿಲ್ಲವಾದ್ದರಿಂದ, ಸರಪಳಿ ಕಳಚಿದ ದಿನ ಕಳ್ಳನಿಗೂ ನೆಂಟರಿಗೂ ವ್ಯತ್ಯಾಸ ತಿಳಿಯದೆ ಮೇಲೆರಗಬಹುದು. 1960ರ ಪ್ರಾಣಿಗಳಿಗೆ ಹಿಂಸೆ ತಡೆಗಟ್ಟುವ ಕಾಯ್ದೆಯ 11ನೇ ಪ್ರಕರಣದಂತೆ, ತೀರಾ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ದೀರ್ಘಕಾಲ ಕಟ್ಟಿಹಾಕುವುದು, ಸದಾ ಕಟ್ಟಿರುವ ನಾಯಿಗೆ ಸಮಂಜಸವಾದ ವ್ಯಾಯಾಮ ಒದಗಿಸದಿರುವುದು ಹಾಗೂ ಸಾಕಿದ ಪ್ರಾಣಿಯನ್ನು ತೊರೆದುಬಿಡುವುದು ಶಿಕ್ಷಾರ್ಹವಾಗಿರುತ್ತವೆ. ಬೇಡವಾದ ಹೆಣ್ಣುಮರಿಗಳನ್ನು ಪೇಟೆಯಲ್ಲಿ ಅಥವಾ ಘಾಟಿ ರಸ್ತೆಯಲ್ಲಿ ಬಿಟ್ಟುಬರುವವರು ಈ ಅಂಶವನ್ನು ಗಮನಿಸಬೇಕು. ಸುಮಾರು ಆರು ತಿಂಗಳ ವಯಸ್ಸಿನಲ್ಲಿ ಪಶುವೈದ್ಯರ ಸಲಹೆ ಪಡೆದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಇದಕ್ಕೆ ಸರಿಯಾದ ಪರಿಹಾರ.

6. ಮಲೆನಾಡಿನಲ್ಲಿ ವಿಶೇಷ ಎಚ್ಚರಿಕೆ

ಉಣುಗು (ಉಣ್ಣೆ): ಮಂಗನ ಕಾಯಿಲೆಯು 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮೊದಲು ಗುರುತಿಸಲ್ಪಟ್ಟಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ತೀವ್ರವಾಗಿ ಕಾಣಿಸಿಕೊಂಡಿತ್ತು. ಸೋಂಕಿತ ಉಣುಗುಗಳ ಕಡಿತದಿಂದ ಈ ರೋಗವು ಮನುಷ್ಯರಿಗೆ ತಗಲುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು. ಕಾಡಿಗೆ ಹೋಗಿಬಂದ ನಾಯಿಯ ಮೈಗೆ ಅಂಟಿಕೊಂಡು ಉಣುಗುಗಳು ಮನೆಯೊಳಗೆ ಬರುವ ಸಾಧ್ಯತೆ ಇರುವುದರಿಂದ, ಈ ತಿಂಗಳುಗಳಲ್ಲಿ ಮರಿಯನ್ನು ಕಾಡಿಗೆ ಬಿಡಬಾರದು. ಪ್ರತಿದಿನ ಕಿವಿ, ಕುತ್ತಿಗೆ ಮತ್ತು ಬೆರಳಿನ ಸಂದುಗಳನ್ನು ಪರೀಕ್ಷಿಸಿ, ಉಣುಗು ಕಂಡಲ್ಲಿ ಬರಿಗೈಯಿಂದ ಹಿಸುಕದೆ ಚಿಮುಟದಿಂದ ತೆಗೆಯಬೇಕು. ದನಗಳಿಗೆ ಬಳಸುವ ಉಣುಗುನಾಶಕವನ್ನು ಮರಿಗೆ ಹಚ್ಚಿದರೆ ವಿಷವಾಗಬಹುದು. ಸತ್ತ ಮಂಗ ಕಂಡುಬಂದಲ್ಲಿ ನಾಯಿಯನ್ನು ಹತ್ತಿರ ಬಿಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇಂಬಳ: ಮಳೆಗಾಲದಲ್ಲಿ ಮೂಗಿನ ಹೊಳ್ಳೆಯೊಳಗೆ ಇಂಬಳ ಸೇರಿದರೆ ಮರಿಯು ಪದೇ ಪದೇ ಸೀನುತ್ತದೆ ಮತ್ತು ಮೂಗಿನಿಂದ ರಕ್ತ ಒಸರುತ್ತದೆ. ಕಡ್ಡಿ ಹಾಕಿ ಎಳೆಯಲು ಪ್ರಯತ್ನಿಸದೆ ಪಶುವೈದ್ಯರಲ್ಲಿಗೆ ಕರೆತರಬೇಕು.

ತೋಟದ ವಿಷಗಳು: ಮೈಲುತುತ್ತ, ಬೋರ್ಡೋ ದ್ರಾವಣದ ಉಳಿಕೆ, ಇಲಿಪಾಷಾಣ ಮತ್ತು ಬಸವನಹುಳುವಿಗೆ ಇಡುವ ವಿಷದ ತುಣುಕುಗಳು ಮರಿಗೆ ಎಟುಕದಂತಿರಲಿ. ಹಸಿ ಅಡಿಕೆಯೂ ಮರಿಗಳಿಗೆ ಅಪಾಯಕಾರಿ.

ಚಿರತೆ: ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಮಾತ್ರವಲ್ಲ ಅದು ಚಿರತೆಯನ್ನು ಮನೆಬಾಗಿಲಿಗೆ ಸೆಳೆಯುತ್ತದೆ. ರಾತ್ರಿ ಮರಿಯನ್ನು ಬಾಗಿಲು ಭದ್ರವಿರುವ ಕೋಣೆಯಲ್ಲಿ ಇರಿಸಬೇಕು.

7. ನಾಯಿ ಅಥವಾ ಮರಿ ಕಚ್ಚಿದಾಗ

ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ನಂತರ ರೋಗಿಯನ್ನು ಉಳಿಸುವುದು ಬಹುತೇಕ ಅಸಾಧ್ಯ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಈ ರೋಗವನ್ನು ತಡೆಗಟ್ಟಬಹುದು. 'ಮರಿ ತಾನೆ' ಎಂಬ ಉದಾಸೀನ ಸಲ್ಲದು. ಮೂರು ತಿಂಗಳೊಳಗಿನ ಮರಿಗೆ ರೇಬಿಸ್ ಲಸಿಕೆ ಆಗಿರುವುದಿಲ್ಲ, ತಾಯಿಗೂ ಆಗಿದೆಯೇ ಎಂಬುದು ತಿಳಿದಿರುವುದಿಲ್ಲ. ಹುಚ್ಚುನಾಯಿಯಿಂದ ಕಚ್ಚಿಸಿಕೊಂಡಿದ್ದ ಮರಿಯೂ ರೋಗ ಹರಡಬಲ್ಲದು.

• ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು.
• ಸುಣ್ಣ, ಅರಿಶಿನ, ಖಾರದಪುಡಿ, ಸೊಪ್ಪಿನ ರಸ ಇವುಗಳನ್ನು ಹಚ್ಚಬಾರದು.
• ಪರಚಿದ ಗಾಯವಾದರೂ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರು ಸೂಚಿಸಿದ ಎಲ್ಲಾ ಚುಚ್ಚುಮದ್ದುಗಳನ್ನು ಪಡೆಯಬೇಕು. ಆಳವಾದ ಅಥವಾ ರಕ್ತ ಬಂದ ಗಾಯಕ್ಕೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ ಸಹ ಅಗತ್ಯ.
• ಕಚ್ಚಿದ ನಾಯಿಯನ್ನು ಕೊಲ್ಲದೆ 10 ದಿನ ನಿಗಾದಲ್ಲಿ ಇಡಬೇಕು. ಆದರೆ ಆ 10 ದಿನ ಕಳೆಯಲೆಂದು ಚುಚ್ಚುಮದ್ದನ್ನು ತಡಮಾಡಬಾರದು.

8. ಸೇವೆ ಪಡೆಯುವ ವಿಧಾನ

ಮರಿಯನ್ನು ತಮ್ಮ ವ್ಯಾಪ್ತಿಯ ಪಶು ಚಿಕಿತ್ಸಾಲಯಕ್ಕೆ ಕೆಲಸದ ವೇಳೆಯಲ್ಲಿ ಬುಟ್ಟಿಯಲ್ಲಿ ಅಥವಾ ಹಗ್ಗ ಕಟ್ಟಿ ಕರೆತರುವುದು. ಮರಿಯ ವಯಸ್ಸು, ತಂದ ದಿನಾಂಕ ಮತ್ತು ಹಿಂದೆ ನೀಡಿದ ಲಸಿಕೆ ಅಥವಾ ಔಷಧಿಗಳ ವಿವರವನ್ನು ಬರೆದು ತರಬೇಕು. ಲಸಿಕೆಯ ಲಭ್ಯತೆ ಹಾಗೂ ನಿಗದಿತ ಶುಲ್ಕವನ್ನು ಮುಂಚಿತವಾಗಿ ವಿಚಾರಿಸುವುದರಿಂದ ದೂರದ ಊರಿನವರಿಗೆ ಓಡಾಟ ತಪ್ಪುತ್ತದೆ. ಲಸಿಕೆ ಹಾಕಿದ ಬಳಿಕ ದಿನಾಂಕ ಹಾಗೂ ಮುಂದಿನ ಲಸಿಕೆಯ ದಿನವನ್ನು ನಮೂದಿಸಿದ ಚೀಟಿ ಅಥವಾ ಲಸಿಕಾ ಪುಸ್ತಕವನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಯಾರಿಗಾದರೂ ಕಚ್ಚಿದ ಸಂದರ್ಭದಲ್ಲಿ ಇದೇ ಆಧಾರವಾಗಿರುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಅಂಗವಾಗಿ ನಡೆಯುವ ಲಸಿಕಾ ಶಿಬಿರಗಳ ಸದುಪಯೋಗವನ್ನೂ ಪಡೆಯಬಹುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಿಂದ ಹೊರಗೆ ಹೋಗದ ಮರಿಗೂ ರೇಬಿಸ್ ಲಸಿಕೆ ಬೇಕೆ?
ಉತ್ತರ: ಬೇಕು. ಬೀದಿನಾಯಿ, ನರಿ ಮುಂತಾದವು ಅಂಗಳಕ್ಕೆ ಬರುವ ಸಾಧ್ಯತೆ ಇದ್ದೇ ಇರುತ್ತದೆ.

ಪ್ರಶ್ನೆ: ಲಸಿಕೆಯ ದಿನ ಮೀರಿದರೆ ಏನು ಮಾಡಬೇಕು?
ಉತ್ತರ: ಬಿಟ್ಟುಬಿಡದೆ ಕೂಡಲೇ ಕರೆತರುವುದು. ಪಶುವೈದ್ಯರು ವಯಸ್ಸಿಗೆ ತಕ್ಕಂತೆ ಹೊಸ ವೇಳಾಪಟ್ಟಿ ನೀಡುತ್ತಾರೆ.

ಪ್ರಶ್ನೆ: ಐದು ತಿಂಗಳವರೆಗೆ ಕಟ್ಟಿಯೇ ಬೆಳೆಸಿದ ನಾಯಿಗೆ ತರಬೇತಿ ಸಾಧ್ಯವೇ?
ಉತ್ತರ: ಸಾಧ್ಯ, ಆದರೆ ಕಾಲ ಮತ್ತು ತಾಳ್ಮೆ ಹೆಚ್ಚು ಬೇಕು. ಹಗ್ಗ ಹಿಡಿದು ದಿನಕ್ಕೆ ಎರಡು ಬಾರಿ ಅಡ್ಡಾಡಿಸುವುದರಿಂದ ಆರಂಭಿಸಿ, ಹೊಸಬರನ್ನು ದೂರದಿಂದಲೇ ಪರಿಚಯಿಸುತ್ತಾ ಬರಬೇಕು.

ಪ್ರಶ್ನೆ: ಕೊಯ್ಲಿನ ಕಾಲದಲ್ಲಿ ಬಿಡುವಿಲ್ಲದವರು ಏನು ಮಾಡಬೇಕು?
ಉತ್ತರ: ಲಸಿಕೆಯ ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ದಿನಕ್ಕೆ ಹದಿನೈದು ನಿಮಿಷದ ತರಬೇತಿಯನ್ನು ಮನೆಯ ಒಬ್ಬರಿಗೆ ವಹಿಸಬೇಕು. ಅಷ್ಟೂ ಆಗದಿದ್ದಲ್ಲಿ ಆ ವರ್ಷ ಮರಿ ತಾರದಿರುವುದೇ ಲೇಸು.

ಹೆಚ್ಚಿನ ಮಾಹಿತಿಗಾಗಿ ತಮ್ಮ ಸಮೀಪದ ಪಶುವೈದ್ಯಾಧಿಕಾರಿಗಳನ್ನು ಅಥವಾ ಸಂಬಂಧಪಟ್ಟ ತಾಲ್ಲೂಕಿನ ಸಹಾಯಕ ನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ ಇವರನ್ನು ಸಂಪರ್ಕಿಸಲು ಕೋರಲಾಗಿದೆ.