ಜೀಪ್ ಕಳೆದುಕೊಂಡವರ ಕೈಗೆ ಬಂದ ಟ್ರೈಲರ್

ಸಣ್ಣ ಎಸ್‌ಯುವಿ ಹಿಂದೆ ಹಗುರವಾದ ಟ್ರೈಲರ್ ಕಟ್ಟಿ ಎಳೆಯಬಹುದಾ? ನಮ್ಮಲ್ಲಿ ಕೆಲವರಿಗಾದರೂ ಬಂದಿರುವ ಪ್ರಶ್ನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇದೇ ಪ್ರಶ್ನೆ ಅಮೆರಿಕದ ಸೇನೆಗೂ ಬಂದಿತ್ತು. ಅದರ ಕಥೆ ಇವತ್ತು ನೋಡೋಣ.

1940ರ ಬೇಸಿಗೆ. ಸೇನೆಗೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಪುಟ್ಟ ಗಾಡಿ ಬೇಕಿತ್ತು. 135 ಕಂಪನಿಗಳಿಗೆ ಟೆಂಡರ್ ಕಳಿಸಿದರು. ಷರತ್ತು ಏನು ಗೊತ್ತಾ? ತೂಕ 1,300 ಪೌಂಡ್, ಅಂದರೆ ಸುಮಾರು 590 ಕೆಜಿ ದಾಟಬಾರದು. ಮೊದಲ ಗಾಡಿ 49 ದಿನದಲ್ಲಿ ಸಿದ್ಧವಾಗಬೇಕು. ಇಂಥ ಡೆಡ್‌ಲೈನ್ ನಮಗೇನೂ ಹೊಸದಲ್ಲ ಬಿಡಿ!

ಒಪ್ಪಿಕೊಂಡಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಅಮೆರಿಕನ್ ಬ್ಯಾಂಟಮ್. ಆಗಲೇ ಮುಳುಗುತ್ತಿದ್ದ ಸಣ್ಣ ಕಾರು ಕಂಪನಿ ಅದು. ಅವರು ಡೆಟ್ರಾಯಿಟ್‌ನಿಂದ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್‌ನ ಕರೆಸಿದರು. ಆತ ಎರಡೇ ದಿನದಲ್ಲಿ ಮೂಲ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು, ಗಡುವಿಗೆ ಇನ್ನು ಅರ್ಧ ಗಂಟೆ ಇರುವಾಗ, ಗಾಡಿ ಬಾಲ್ಟಿಮೋರ್‌ನ ಸೇನಾ ಶಿಬಿರ ಮುಟ್ಟಿತು.

ಗಾಡಿ ಸೇನೆಗೆ ಹಿಡಿಸಿತು. ಆದರೆ ಬ್ಯಾಂಟಮ್ ದೊಡ್ಡ ಸಂಖ್ಯೆಯಲ್ಲಿ ತಯಾರಿಸಬಲ್ಲದು ಅನ್ನೋ ನಂಬಿಕೆ ಸೇನೆಗೆ ಇರಲಿಲ್ಲ. ನಕ್ಷೆಗಳು ವಿಲ್ಲಿಸ್ ಮತ್ತು ಫೋರ್ಡ್ ಕೈಗೆ ಹೋದವು. ಆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದರು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರವೂ ಇಲ್ಲ.

ಬ್ಯಾಂಟಮ್ ಪಾಲಿಗೆ ಉಳಿದ ಕೆಲಸವೇ ಟ್ರೈಲರ್. ಜೀಪ್ ಚುರುಕಾಗಿತ್ತು ನಿಜ, ಆದರೆ ನಾಲ್ಕು ಜನ ಕೂತರೆ ಸಾಮಾನಿಗೆ ಜಾಗ ಎಲ್ಲಿ? ಗಾಡಿಯನ್ನೇ ದೊಡ್ಡದು ಮಾಡಿದರೆ ತೂಕ ಏರುತ್ತದೆ, ಚುರುಕುತನ ಹೋಗುತ್ತದೆ. ಅದಕ್ಕೇ ಭಾರವನ್ನ ಇನ್ನೊಂದು ಅಚ್ಚಿನ ಮೇಲೆ ಹಾಕಿದರು. ಎರಡು ಚಕ್ರ, ಕಾಲು ಟನ್ ಹೊರೆ, ಅಂದರೆ ಸುಮಾರು 227 ಕೆಜಿ. ಜೀಪಿನದ್ದೇ ಅಳತೆಯ ಚಕ್ರ ಮತ್ತು ಟೈರು, ಹಾಗಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಸಾಕು. ಚಕ್ರಗಳ ನಡುವಿನ ಅಂತರವೂ ಅಷ್ಟೇ ಇದ್ದದ್ದರಿಂದ, ಕೆಸರಲ್ಲಿ ಜೀಪ್ ಮಾಡಿದ ಜಾಡಿನಲ್ಲೇ ಟ್ರೈಲರ್ ಬರುತ್ತಿತ್ತು. ತೊಟ್ಟಿಯ ಬಿರಡೆ ಹಾಕಿದರೆ ನೀರಿನ ಮೇಲೆ ತೇಲುತ್ತಲೂ ಇತ್ತು.

ಒಂದು ವಿಷಯ ಗಮನಿಸಿ. ಈ ಟ್ರೈಲರ್‌ಗೆ ಇದ್ದದ್ದು ನಿಲ್ಲಿಸಿದಾಗ ಎಳೆಯುವ ಹ್ಯಾಂಡ್‌ಬ್ರೇಕ್ ಮಾತ್ರ. ಓಡುವಾಗ ಎರಡನ್ನೂ ನಿಲ್ಲಿಸಬೇಕಾದದ್ದು ಜೀಪಿನ ಬ್ರೇಕೇ. ಇವತ್ತಿನ ಸಣ್ಣ ಎಸ್‌ಯುವಿಗೂ ಇದೇ ಲೆಕ್ಕ. ಬ್ರೇಕಿಲ್ಲದ ಟ್ರೈಲರ್‌ಗೆ ಕಂಪನಿಗಳು ಕಡಿಮೆ ತೂಕದ ಮಿತಿ ಇಡುವುದು ಇದಕ್ಕೇ. ಎಂಜಿನ್ ಎಳೀತದೆ ಅಂದ ಮಾತ್ರಕ್ಕೆ ಬ್ರೇಕ್ ನಿಲ್ಲಿಸುತ್ತದೆ ಅಂತಲ್ಲ. ಹೊರೆ ಹಿಂದಕ್ಕೆ ಜಾಸ್ತಿಯಾದರೆ ಕೊಕ್ಕೆಯ ಕಡೆ ಮೇಲೇಳುತ್ತದೆ, ವೇಗದಲ್ಲಿ ಟ್ರೈಲರ್ ಅತ್ತಿತ್ತ ಹೊಯ್ದಾಡುತ್ತದೆ. ಭಾರ ಅಚ್ಚಿಗಿಂತ ತುಸು ಮುಂದಕ್ಕಿರಬೇಕು.

ಯುದ್ಧ ಮುಗಿದ ಮೇಲೆ ಮುಂಬೈಯಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪ್ ಜೋಡಿಸಲು ಶುರುಮಾಡಿದರು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಜೀಪಿನ ಹಿಂದೆ ಟ್ರೈಲರ್ ಕಟ್ಟಿ ಗೊಬ್ಬರ, ಕಾಫಿ ಮೂಟೆ ಸಾಗಿಸುವುದನ್ನ ಆ ಕಡೆಯವರು ನೋಡಿಯೇ ಇರ್ತೀರಿ.

ಬ್ಯಾಂಟಮ್ ಮತ್ತೆ ಕಾರು ಮಾಡಲಿಲ್ಲ. ಯುದ್ಧದ ನಂತರವೂ ಟ್ರೈಲರ್ ಮಾರುತ್ತಲೇ ಇತ್ತು. 1956ರಲ್ಲಿ ಒಂದು ಉಕ್ಕಿನ ಕಂಪನಿ ಅದನ್ನ ಕೊಂಡುಕೊಂಡಿತು. ಮೊದಲು ನಕ್ಷೆ ಬರೆದವರ ಹೆಸರು ಜೀಪಿನ ಮೇಲೆ ಉಳಿಯಲಿಲ್ಲ. ಜೀಪಿನ ಮಾತು ಬಂದಾಗ ಬಟ್ಲರ್ ಊರಿನ ಆ 49 ದಿನಗಳನ್ನೂ ಒಮ್ಮೆ ನೆನೆಯೋಣ.