ಎಸ್‌ಎಸ್‌ಡಿ ಫಾರ್ಮ್ಯಾಟ್: ‘ಓಕೆ’ ಒತ್ತೋ ಮುಂಚೆ

ಇಡೀ ದಿನದ ಪ್ರತಿಭಟನೆಯ ವಿಡಿಯೊ ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿದೆ ಅಂದ್ಕೊಳ್ಳಿ. ಎಡಿಟ್ ಮಾಡೋ ಗೆಳತಿ ಹತ್ರ ಇರೋದು ಮ್ಯಾಕ್. ಫೈಲ್‌ಗಳೆಲ್ಲ ತೆರೆದುಕೊಳ್ಳುತ್ತವೆ, ಆದರೆ ಎಡಿಟ್ ಆದದ್ದನ್ನು ಅದೇ ಡ್ರೈವ್‌ಗೆ ಹಾಕೋಕೆ ಆಗ್ತಿಲ್ಲ. ಡ್ರೈವ್ ಕೆಟ್ಟಿಲ್ಲ. ಅದು ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದೆ, ಅಷ್ಟೇ. ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ.

ಫೈಲ್ ಸಿಸ್ಟಮ್ ಅನ್ನೋದು ಡ್ರೈವ್‌ನ ಪಹಣಿ ಇದ್ದ ಹಾಗೆ. ಯಾವ ಫೈಲ್ ಎಲ್ಲಿದೆ, ಎಷ್ಟು ಜಾಗ ಹಿಡಿದಿದೆ ಅನ್ನುವ ದಾಖಲೆ. ಈ ಪಹಣಿಗೂ ಮಾಲೀಕರಿದ್ದಾರೆ! ಫ್ಯಾಟ್‌ಗೆ ಸಂಬಂಧಿಸಿದ ಪೇಟೆಂಟ್‌ಗಳನ್ನೂ ಸೇರಿಸಿ ಮೈಕ್ರೋಸಾಫ್ಟ್ 2009ರಲ್ಲಿ ಟಾಮ್‌ಟಾಮ್ ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನ ತಾಂತ್ರಿಕ ವಿವರವನ್ನು ಅದು ಎಲ್ಲರಿಗೂ ತೆರೆದಿಟ್ಟದ್ದು 2019ರಲ್ಲಿ. ಇವತ್ತು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓದೋಕೂ ಬರೆಯೋಕೂ ಆಗೋ ಫಾರ್ಮ್ಯಾಟ್ ಅದು.

ಹಾಗಾಗಿ ಕೈಯಿಂದ ಕೈಗೆ ಹೋಗೋ ಡ್ರೈವ್‌ಗೆ ಎಕ್ಸ್‌ಫ್ಯಾಟ್. ಒಂದೇ ಕಂಪ್ಯೂಟರ್‌ನ ಒಳಗೇ ಇರೋದಕ್ಕೆ ಆಯಾ ಸಿಸ್ಟಮ್‌ನದ್ದೇ ಸರಿ: ವಿಂಡೋಸ್‌ಗೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೆ ಎಪಿಎಫ್‌ಎಸ್, ಲಿನಕ್ಸ್‌ಗೆ ಇಎಕ್ಸ್‌ಟಿ4. ಹಳೇ ಫ್ಯಾಟ್32 ಎಲ್ಲ ಕಡೆ ನಡೆಯುತ್ತದೆ ನಿಜ, ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸಲ್ಲ. ಒಂದು ಉದ್ದನೆಯ ವಿಡಿಯೊಗೇ ಕಥೆ ಮುಗೀತು. ಎಕ್ಸ್‌ಫ್ಯಾಟ್‌ಗೂ ಒಂದು ಕೊರತೆ ಇದೆ: ಎನ್‌ಟಿಎಫ್‌ಎಸ್ ತನ್ನ ದಾಖಲೆಯಲ್ಲಿನ ಬದಲಾವಣೆಗಳನ್ನು ಮೊದಲೇ ಒಂದು ಕಡೆ ಗುರುತು ಹಾಕಿಕೊಳ್ಳುತ್ತದೆ, ಎಕ್ಸ್‌ಫ್ಯಾಟ್‌ಗೆ ಆ ಅಭ್ಯಾಸ ಇಲ್ಲ. ಕಾಪಿ ಆಗ್ತಿರುವಾಗ ಕೇಬಲ್ ಕಿತ್ತರೆ ಪಹಣಿಯೇ ಹಾಳಾಗಬಹುದು. ‘ಇಜೆಕ್ಟ್’ ಒತ್ತೋದು ಶೋಕಿ ಅಲ್ಲ.

ಈಗ ನಿಜವಾದ ಅಪಾಯದ ಮಾತು. ‘ಕನ್ವರ್ಟ್’ ಅಂತ ಎಲ್ಲರೂ ಸಲೀಸಾಗಿ ಹೇಳ್ತಾರೆ. ವಿಂಡೋಸ್‌ನಲ್ಲಿ ಡೇಟಾ ಉಳಿಸಿಕೊಂಡೇ ಬದಲಿಸುವ ಕನ್ವರ್ಟ್ ಆದೇಶ ಇದೆ, ಆದರೆ ಅದು ಫ್ಯಾಟ್, ಫ್ಯಾಟ್32ನಿಂದ ಎನ್‌ಟಿಎಫ್‌ಎಸ್‌ಗೆ ಮಾತ್ರ. ವಾಪಸ್ ದಾರಿ ಇಲ್ಲ. ಎನ್‌ಟಿಎಫ್‌ಎಸ್‌ನಿಂದ ಎಕ್ಸ್‌ಫ್ಯಾಟ್‌ಗೆ ಹೋಗಬೇಕಾದರೆ ಫಾರ್ಮ್ಯಾಟೇ ಗತಿ, ಅಂದರೆ ಪೂರ್ತಿ ಅಳಿಸೋದು.

ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಅಂದರೆ ಹೆಚ್ಚುಕಮ್ಮಿ ಪಹಣಿ ಹರಿದಷ್ಟೇ, ಜಮೀನು ಅಲ್ಲೇ ಇರ್ತಿತ್ತು. ರಿಕವರಿ ಸಾಫ್ಟ್‌ವೇರ್ ಹಾಕಿ ಎಷ್ಟೋ ಫೈಲ್ ಎತ್ತಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನೋ ವ್ಯವಸ್ಥೆ ಇದೆ. ‘ಈ ಜಾಗ ಇನ್ನು ಬೇಡ’ ಅಂತ ಆಪರೇಟಿಂಗ್ ಸಿಸ್ಟಮ್ ಡ್ರೈವ್‌ಗೆ ಹೇಳುತ್ತದೆ, ಡ್ರೈವ್ ಅದನ್ನು ತನ್ನ ಪಾಡಿಗೆ ಖಾಲಿ ಮಾಡುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಸಿಗೋದು ಸೊನ್ನೆ. ಯುಎಸ್‌ಬಿ ಡ್ರೈವ್‌ನಲ್ಲಿ ಟ್ರಿಮ್ ನಡೆಯುತ್ತೋ ಇಲ್ಲವೋ ಅನ್ನೋದು ಅದರ ಒಳಗಿನ ಚಿಪ್ ಮೇಲೆ ನಿಂತಿದೆ. ಅದನ್ನು ನಂಬಿ ಕೂರಬೇಡಿ.

ಎಲ್ಲವನ್ನೂ ಎರಡು ಬೇರೆ ಕಡೆ ಕಾಪಿ ಮಾಡಿ. ಕಾಪಿಯಿಂದಲೇ ನಾಲ್ಕೈದು ವಿಡಿಯೊ ಕೊನೆತನಕ ಓಡಿಸಿ ನೋಡಿ, ಫೋಲ್ಡರ್‌ಗಳ ಫೈಲ್ ಸಂಖ್ಯೆ ತಾಳೆ ಹಾಕಿ. ಆಮೇಲೆ ಫಾರ್ಮ್ಯಾಟ್ ವಿಂಡೋದಲ್ಲಿ ಡ್ರೈವ್‌ನ ಹೆಸರು, ಗಾತ್ರ ಇನ್ನೊಮ್ಮೆ ಓದಿ. ನಾನು ಒಮ್ಮೆ ಓದದೇ ಒತ್ತಿದ್ದೆ, ಪಕ್ಕದ ಡ್ರೈವ್ ಹೋಯ್ತು.